ಎಡಕ್ಕೆ ಎಳೆದರೆ ಬಲಕ್ಕೆ ಓಡುವ ಕಾರು

ಮದುವೆಯಾಗಿ ಆಳಂದಕ್ಕೆ ಬಂದ ಮೂರನೆಯ ವರ್ಷ ಸೊಲ್ಲಾಪುರದ ಒಬ್ಬ ಅಂಗಡಿಯವನು ನನ್ನನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದ. ಅವನು ಹಾಗೆ ಮಾಡದಿದ್ದರೆ ನಮ್ಮ ಮನೆಯ ಪಡಸಾಲೆಗೆ ಆ ಆಟದ ಪೆಟ್ಟಿಗೆ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡನಿಗೆ ಆಳಂದದ ಬಸ್ ಸ್ಟ್ಯಾಂಡ್ ಹತ್ತಿರ ರೇಡಿಯೊ, ಟಿ.ವಿ. ರಿಪೇರಿಯ ಸಣ್ಣ ಅಂಗಡಿ ಇತ್ತು. ಬಿಡಿ ಸಾಮಾನು ತರಲು ತಿಂಗಳಿಗೊಮ್ಮೆ ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ಆ ಸಲ ನಾನೂ ಹಟ ಹಿಡಿದು ಜೊತೆಗೆ ಹೋದೆ. ಅವರು ಸಾಮಾನಿನ ಅಂಗಡಿಯಲ್ಲಿ ಚೀಟಿ ಹಿಡಿದು ನಿಂತಿದ್ದಾಗ ಪಕ್ಕದ ಅಂಗಡಿಯೊಳಗಿಂದ ವಿಚಿತ್ರ ಸದ್ದು ಕೇಳಿಸಿತು. ಪೀಂ ಪೀಂ, ಢಮಾರ್, ಮತ್ತೆ ಪೀಂ. ಬಾಗಿಲಿಗೆ ಕೆಂಪು ಪರದೆ ಬಿಟ್ಟಿದ್ದರು. ಸರಿಸಿ ನೋಡಿದೆ. ಗೋಡೆಗುಂಟ ಕಪಾಟಿನಂಥ ಐದಾರು ಪೆಟ್ಟಿಗೆ ನಿಂತಿದ್ದವು. ಪ್ರತಿಯೊಂದರ ಎದೆಯಲ್ಲೂ ಒಂದು ಟಿ.ವಿ., ಅದರ ಕೆಳಗೆ ಒಂದು ಹಿಡಿಕೆ, ಎರಡು ಮೂರು ಗುಂಡಿ. ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ರಸ್ತೆ ಹರಿದು ಬರುತ್ತಿತ್ತು. ಅದರಲ್ಲಿ ಹೆಬ್ಬೆರಳಷ್ಟು ಕಾರು, ಎದುರಿಗೆ ಬಂದ ಗಾಡಿಗಳನ್ನೆಲ್ಲ ತಪ್ಪಿಸಿಕೊಂಡು ಓಡುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಮೀಸೆ ಬಂದ ಗಂಡಸು; ಬಾಯಿ ತೆರೆದುಕೊಂಡು ಮಗುವಿನ ಹಾಗೆ ನಿಂತಿದ್ದ. ನನಗೂ ಒಂದು ಸಲ ಆ ಹಿಡಿಕೆ ಹಿಡಿಯಬೇಕು ಅನಿಸಿತು. ಒಳಗೆ ಕಾಲಿಟ್ಟೆ. ಅಂಗಡಿಯವನು ಎದ್ದು ಬಂದು, ತಾಯಿ, ಇದು ಹೆಂಗಸರಿಗಲ್ಲ ಎಂದು ಮರಾಠಿಯಲ್ಲಿ ಹೇಳಿ ಪರದೆ ಎಳೆದ. ಗದರಿಸಿ ಹೇಳಲಿಲ್ಲ. ಅದೇ ಇನ್ನಷ್ಟು ಸಿಟ್ಟು ತರಿಸಿತು.

ಬಸ್ಸಿನಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ. ಅರ್ಧ ದಾರಿಯಲ್ಲಿ ಗಂಡ ಕೇಳಿದರು, "ಏನಾತು? ನಾ ಕೊಡಿಸಿದ ಸೀರಿ ಸೇರಲಿಲ್ಲೇನು?"

ಆದದ್ದು ಹೇಳಿದೆ. ಅವರು ನಕ್ಕರು. "ಅದ್ರಾಗೇನದ? ಒಂದು ಟಿ.ವಿ., ಒಂದು ಬೋರ್ಡು, ನಾಕು ಸ್ವಿಚ್ಚು. ಅಷ್ಟ."

"ಅಷ್ಟ ಆದ್ರ ನಮ್ಮ ಮನ್ಯಾಗ ಒಂದು ಮಾಡ್ರಿ. ಅಲ್ಲಿ ನನಗ ಯಾರೂ ಬ್ಯಾಡ ಅನ್ನಾಂಗಿಲ್ಲ."

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಮಾಡುತ್ತಿರಲಿಲ್ಲ. ನನ್ನ ತವರು ಜೇವರ್ಗಿ. ಅಪ್ಪನದು ಹಿಟ್ಟಿನ ಗಿರಣಿ. ಪಟ್ಟಾ ಜಾರಿದರೆ ರಾಳದ ಪುಡಿ ಹಾಕುವುದು, ಬೇರಿಂಗಿಗೆ ಗ್ರೀಸ್ ತುಂಬುವುದು, ಸವೆದ ಗಿರಣಿ ಕಲ್ಲಿಗೆ ಮುಳ್ಳು ಹೊಡೆದು ಒರಟು ಮಾಡುವುದು, ಎಲ್ಲ ನೋಡಿ ನೋಡಿ ಕಲಿತವಳು ನಾನು. ಆಳಂದಕ್ಕೆ ಬಂದಮೇಲೆ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದಾಗಲೆಲ್ಲ ಗಂಡನ ಪಕ್ಕ ಕೂತು ವೈರಿಗೆ ಬೆಸುಗೆ ಹಾಕುವುದನ್ನೂ ಕಲಿತಿದ್ದೆ. ಮೊದಮೊದಲು ಬೆರಳು ಸುಟ್ಟುಕೊಂಡೆ. ಆಮೇಲೆ ನನ್ನ ಬೆಸುಗೆ ಅವರದಕ್ಕಿಂತ ಚೊಕ್ಕ ಬರತೊಡಗಿತು. ಇದನ್ನು ಅವರೇ ಗಿರಾಕಿಗಳ ಮುಂದೆ ಹೇಳುತ್ತಿದ್ದರು.

ಮನೆಯಲ್ಲಿ ಇದ್ದದ್ದು ನಾವು ಮೂವರೇ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನವರು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕಿನ ರಸ್ತೆಗಳಲ್ಲಿ ಎಲ್ಲಿ ತಗ್ಗಿದೆ, ಎಲ್ಲಿ ಎಮ್ಮೆ ಅಡ್ಡ ಬರುತ್ತವೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು. ನಿವೃತ್ತರಾಗಿ ವರ್ಷವಾಗಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ರೊಟ್ಟಿ ತಿಂದು, ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂಡುವುದು. ಹೊಸ ಡ್ರೈವರುಗಳು ಗಾಡಿ ಹಿಂದಕ್ಕೆ ತೆಗೆಯುವ ರೀತಿ ನೋಡಿ ಹಲ್ಲು ಕಡಿಯುವುದು. ಊಟದ ಹೊತ್ತಿಗೆ ಮನೆಗೆ ಬರುವುದು. ನನ್ನ ಜೊತೆ ಅವರು ಆಡುತ್ತಿದ್ದದ್ದು ಮೂರೇ ಮಾತು: "ನೀರು", "ಊಟ", "ಸಾಕು". ಕೆಟ್ಟವರಲ್ಲ. ಸೊಸೆಯ ಜೊತೆ ಏನು ಮಾತಾಡಬೇಕು ಎಂದು ಅವರಿಗೆ ತಿಳಿಯುತ್ತಿರಲಿಲ್ಲ, ಮಾವನ ಜೊತೆ ಏನು ಮಾತಾಡಬೇಕು ಎಂದು ನನಗೂ ತಿಳಿಯುತ್ತಿರಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು ತಾಟು ಇಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ಸೊಲ್ಲಾಪುರದಿಂದ ಬಂದು ತಿಂಗಳಾಗಿರಬೇಕು. ನರೋಣಾದ ರೈತರೊಬ್ಬರು ಚೀಲದಲ್ಲಿ ಏನೋ ಸುತ್ತಿಕೊಂಡು ಅಂಗಡಿಗೆ ಬಂದರು. ಮುಂಬೈಯಲ್ಲಿದ್ದ ಅವರ ಅಳಿಯ ಟಿ.ವಿ.ಗೆ ಜೋಡಿಸಿ ಆಡುವ ಆಟದ ಡಬ್ಬಿ ತಂದುಕೊಟ್ಟಿದ್ದನಂತೆ.

"ಕರೆಂಟಿಗೆ ಹಚ್ಚಿದ ಕೂಡ್ಲೆ ಹೊಗಿ ಬಂತ್ರಿ," ಎಂದರು. "ಇದು ಮನ್ಯಾಗ ಇರೋದ ಬ್ಯಾಡ ಅಂತ ನಮ್ಮವ್ವ ಹಟ ಹಿಡದಾಳ. ಮೂಲ್ಯಾಗ ಬಿದ್ದಿತ್ತು, ಇಲಿನೂ ಕಡದಾವ. ನಿಮಗ ಉಪಯೋಗ ಬಿದ್ರ ಇಟ್ಕೋರಿ, ಇಲ್ಲಂದ್ರ ಒಗೀರಿ."

ಗಂಡ ಅದನ್ನು ಬಿಚ್ಚಿ, ಸುಟ್ಟುಹೋಗಿದ್ದ ಒಂದು ಬಿಡಿಭಾಗ ಬದಲಿಸಿ, ಅಂಗಡಿಯ ಟಿ.ವಿ.ಗೆ ಜೋಡಿಸಿದರು. ಮೊದಲು ಬರೀ ಗೊರಗೊರ. ಆಮೇಲೆ ಪರದೆ ಒಮ್ಮೆ ನಡುಗಿ, ಸಂಗೀತ ಶುರುವಾಗಿ, ಆಟಗಳ ಪಟ್ಟಿ ಮೂಡಿತು. ನಾನು ಬುತ್ತಿಯ ಡಬ್ಬಿ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಆದರೆ ಕೈಯಲ್ಲಿ ಹಿಡಿದು ಆಡುವ ಎರಡು ಹಿಡಿಕೆಗಳ ವೈರುಗಳನ್ನೂ, ಪ್ಲಾಸ್ಟಿಕ್ ಗುಂಡಿಗಳನ್ನೂ ಇಲಿ ತಿಂದುಹಾಕಿತ್ತು. ಒಳಗಿನ ಸಣ್ಣ ಬೋರ್ಡು ಮಾತ್ರ ಉಳಿದಿತ್ತು. ಯಾರೂ ಮುಟ್ಟದಿದ್ದರೆ ಆಟ ತನ್ನನ್ನು ತಾನೇ ಆಡಿ ತೋರಿಸುತ್ತಿತ್ತು. ಅದರಲ್ಲಿ ಒಂದು ರಸ್ತೆಯ ಆಟ. ಕಾರು ತಾನೇ ಓಡುವುದು, ತಾನೇ ಡಿಕ್ಕಿ ಹೊಡೆಯುವುದು. ನಾವಿಬ್ಬರೂ ಗಿರಾಕಿಗಳನ್ನು ಮರೆತು ಅದನ್ನೇ ನೋಡುತ್ತ ಕೂತೆವು.

"ಹಿಡಿಕಿ ನಾ ಮಾಡ್ತೇನಿ," ಎಂದೆ. "ಪೆಟ್ಟಗಿ ಚಾಚಾನ ಕಡೆ ಮಾಡ್ಸೋಣ. ಅಲ್ಲಿ ನೋಡಿದಂಥಾದ್ದ ಬೇಕು ನನಗ. ನಿಂತು ಆಡೋದು."

ಚಾಚಾ ಅಂದರೆ ನಮ್ಮ ಓಣಿಯ ಬಡಿಗ; ಕೆಲಸದ ಅಂಗಡಿ ಮಾತ್ರ ಬಸ್ ಸ್ಟ್ಯಾಂಡಿನ ಆಚೆ. ಮಂಚ, ಬಾಗಿಲು, ಕಪಾಟು ಮಾಡುವುದರಲ್ಲಿ ಆಳಂದದಲ್ಲೇ ಅವರದು ಎತ್ತಿದ ಕೈ. ಮರುದಿನ ಅವರನ್ನು ಅಂಗಳಕ್ಕೆ ಕರೆದು, ಹಾಸಿದ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಪೆಟ್ಟಿಗೆಯ ಚಿತ್ರ ಬರೆದೆ. ಆಳೆತ್ತರ, ಮೇಲೆ ಮುಂದಕ್ಕೆ ಚಾಚಿದ ಹಣೆ, ನಡುವೆ ಟಿ.ವಿ. ಕೂಡುವ ಗೂಡು, ಹೊಟ್ಟೆಯ ಮಟ್ಟದಲ್ಲಿ ಇಳಿಜಾರು ಹಲಗೆ. ಚಾಚಾ ಚಿತ್ರದ ಸುತ್ತ ಮೂರು ಸಲ ತಿರುಗಿದರು.

"ಇದು ಕಪಾಟಲ್ಲ, ಪೇಟಿ ಅಲ್ಲ, ಕುರ್ಚಿ ಅಲ್ಲ. ಇದೇನು ಬೇಟಿ?"

"ಆಟ ಆಡೋ ಪೆಟ್ಟಗಿ ಚಾಚಾ."

"ಅಚ್ಛಾ. ನಲವತ್ತು ವರ್ಷದಾಗ ಇಂಥಾದ್ದು ಯಾರೂ ಕೇಳಿಲ್ಲ. ಮಾಡೇ ಬಿಡ್ತೇನಿ."

ಆ ಹೊತ್ತಿಗೆ ಮಾವನವರು ಬಂದರು. ಚಿತ್ರವನ್ನು ದಾಟದೆ ಬದಿಯಿಂದ ಹಾದು, ಏನಿದು ಎಂದು ಮಗನನ್ನು ಕೇಳಿದರು. ನನ್ನ ಗಂಡ ಹೇಳಿದರು. ಮಾವನವರ ಮುಖ ಗಂಟಾಯಿತು.

"ಪೆಟ್ಟಗಿ ಮುಂದ ನಿಂತು ಗುಂಡಿ ಒತ್ತೋದಂದ್ರ ಜೂಜು. ದೊಡ್ಡ ಊರಾಗ ನಾ ನೋಡೇನಿ. ಬಸವಣ್ಣನ ಫೋಟೊ ಇರೋ ಮನ್ಯಾಗ ಇದು ಬೇಕೇನು?"

"ಜೂಜಲ್ಲಪ್ಪ. ಬರೀ ಆಟ."

"ಆಟ ಆಡೋ ವಯಸ್ಸು ಯಾರಿಗದ ಈ ಮನ್ಯಾಗ?"

ಮರುದಿನ ಬೆಳಿಗ್ಗೆ ಮಾವನವರು ಚೀಲಕ್ಕೆ ಎರಡು ಧೋತರ ಹಾಕಿಕೊಂಡು, ಮಗಳ ಮನೆಗೆ ಹೋಗಿಬರುತ್ತೇನೆ ಎಂದು ಅಫಜಲಪುರದ ಬಸ್ ಹತ್ತಿದರು. ನನಗೆ ಅಳು ಬಂತು. ಚಿತ್ರ ಒರೆಸಲು ನೀರಿನ ಕೊಡ ತಂದೆ. ಗಂಡ ಕೊಡ ಕಸಿದುಕೊಂಡರು. "ಅಪ್ಪಗ ಅಕ್ಕನ ಕೈ ಊಟ ನೆನಪಾಗಿತ್ತು, ಹೋಗಲಿಕ್ಕೆ ಒಂದು ನೆವ ಬೇಕಿತ್ತು. ನೀ ಕೆಲಸ ಮಾಡು." ಅದು ನಿಜವೋ ನನ್ನ ಸಮಾಧಾನಕ್ಕೆ ಹೇಳಿದ್ದೋ, ಇಂದಿಗೂ ಗೊತ್ತಿಲ್ಲ.

ಕೆಲಸ ಶುರುವಾಯಿತು. ಟಿ.ವಿ.ಗೆ ತೊಂದರೆ ಇರಲಿಲ್ಲ. ಬಣ್ಣದ ಟಿ.ವಿ. ಕೊಂಡವರೊಬ್ಬರು ಬಿಟ್ಟುಹೋಗಿದ್ದ ಕಪ್ಪು ಬಿಳುಪಿನ ದೊಡ್ಡ ಸೆಟ್ಟು ಅಂಗಡಿಯ ಅಟ್ಟದ ಮೇಲಿತ್ತು. ಅದರ ಗಾಜಿಗೆ ನಾನು ಬಣ್ಣದ ಪಾರದರ್ಶಕ ಹಾಳೆ ಅಂಟಿಸಿದೆ: ಮೇಲೆ ನೀಲಿ ಪಟ್ಟಿ, ನಡುವೆ ಹಳದಿ, ಕೆಳಗೆ ಹಸಿರು. ಆಕಾಶ, ರಸ್ತೆ, ಹೊಲ. ಕಾರು ಕೆಳಗಿದ್ದಾಗ ಹಸಿರು, ಮೇಲೆ ಹೋದರೆ ಹಳದಿ. ನಮ್ಮ ಮಟ್ಟಿಗೆ ಅದೇ ಕಲರ್ ಟಿ.ವಿ.

ತೊಂದರೆ ಕೊಟ್ಟದ್ದು ಹಿಡಿಕೆ. ಅದು ನಾಲ್ಕೂ ಕಡೆ ವಾಲಬೇಕು, ಕೈ ಬಿಟ್ಟರೆ ತಾನೇ ನಡುವಿಗೆ ಬಂದು ನಿಲ್ಲಬೇಕು. ಮೊದಲು ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿ ನೋಡಿದೆ. ಅದು ಹಾರಿ ಹೋಗಿ ತೊಗರಿಬೇಳೆಯ ಡಬ್ಬಿಗೆ ಬಡಿಯಿತು. ಆಮೇಲೆ ನಾಲ್ಕು ಪೆನ್ನಿನ ಸ್ಪ್ರಿಂಗ್ ಹಾಕಿದೆ. ಒಂದೇ ದಿನಕ್ಕೆ ಸೊಟ್ಟಗಾದವು. ಎರಡು ದಿನ ರೊಟ್ಟಿ ಬಡಿಯುತ್ತಲೂ ಅದೇ ಯೋಚನೆ. ಮೂರನೆಯ ದಿನ ಹಿತ್ತಲಿಗೆ ಹೋಗುವಾಗ ಹವಾಯಿ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತು ಬಂತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿದೆ, ಬಿಟ್ಟೆ. ಸೆಟೆದು ನಿಂತಿತು. ಮತ್ತೆ ಬಗ್ಗಿಸಿದೆ, ಮತ್ತೆ ನಿಂತಿತು. ಹಿತ್ತಲಿನಿಂದ ಬರಿಗಾಲಲ್ಲಿ ಓಡಿ ಬಂದೆ.

ಆ ಚಪ್ಪಲಿಯಿಂದ ಎರಡು ಗುಂಡನೆಯ ಬಿಲ್ಲೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ಎರಡು ಹಲಗೆಯ ನಡುವೆ ಬಿಗಿದು, ನಟ್ಟನಡುವೆ ಗೇಣುದ್ದದ ಒಂದು ಬೋಲ್ಟು ತೂರಿಸಿದೆ. ಬೋಲ್ಟಿನ ಕೆಳತುದಿಯ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಹಿತ್ತಾಳೆ ಪಟ್ಟಿ. ಹಿಡಿಕೆ ವಾಲಿದಾಗ ಬೋಲ್ಟು ಒಂದು ಪಟ್ಟಿಗೆ ತಾಗುತ್ತದೆ, ಆ ಕಡೆಗೆ ಕಾರು ಹೋಗುತ್ತದೆ. ಗುಂಡಿಗಳಿಗೆ ಮನೆಯ ಕರೆಗಂಟೆಯ ಸ್ವಿಚ್ಚುಗಳೇ ಸಾಕಾದವು. ಇಲಿ ಬಿಟ್ಟ ಬೋರ್ಡಿಗೆ ಒಂದೊಂದೇ ವೈರು ಬೆಸೆದೆ. ಹಿಡಿಕೆಯ ತಲೆಗೆ ಚಾಚಾ ಮಂಚದ ಕಾಲಿನ ಗುಂಡಿನಂಥದ್ದನ್ನು ಕಡೆದುಕೊಟ್ಟರು.

ಚಾಚಾ ಮಾಡಿದ ಪೆಟ್ಟಿಗೆಯ ಸಂಗತಿ ಬೇರೆ. ನಾನು ಕೇಳಿದ್ದು ಸಾದಾ ಪ್ಲೈವುಡ್ಡಿನದು. ಅವರು ಕೆಡವಿದ ಹಳೆಯ ವಾಡೆಮನೆಯೊಂದರ ಬಾಗಿಲಿನ ತೇಗದಲ್ಲಿ ಮಾಡಿದ್ದರು. ಹಣೆಯ ಮೇಲೆ ಕಮಾನು, ಕಮಾನಿನ ಕೆಳಗೆ ಕಮಲ, ಎರಡೂ ಬದಿಗೆ ಒಂದೊಂದು ಗಿಳಿ.

"ಚಾಚಾ, ಇದು ಭಾಳ ಆತಲ್ಲ."

"ಸಾದಾ ಮಾಡಿದ್ರ ನನ್ನ ಕೈಗೆ ಶರಮ್ ಬೇಟಿ. ನೋಡಿದವ್ರು ಯಾರು ಮಾಡಿದ್ದು ಅಂತ ಕೇಳಬೇಕು."

ನಾಲ್ಕು ಜನ ಹೊತ್ತು ತಂದರೂ ಅದು ತಲಬಾಗಿಲಲ್ಲಿ ಸಿಕ್ಕಿಬಿತ್ತು. ಎಷ್ಟು ತಿರುಗಿಸಿದರೂ ಒಳಗೆ ಬರಲಿಲ್ಲ. ಕೊನೆಗೆ ಚಾಚಾ ಕಣ್ಣು ಮುಚ್ಚಿ, ಉಳಿ ಹಿಡಿದು, ಬಲಗಡೆ ಗಿಳಿಯ ಕೊಕ್ಕನ್ನು ತಾವೇ ಕತ್ತರಿಸಿದರು. ಅವರ ಮುಖ ನೋಡಲಾರದೆ ನಾನು ಚಹಾ ಮಾಡಲು ಒಳಗೆ ಹೋದೆ.

ಸಂಜೆ ಎಲ್ಲ ಜೋಡಿಸಿದೆವು. ಹಿಡಿಕೆ ಕೂಡಿಸಿದ ಹಲಗೆಗೆ ಚಾಚಾ ತಿರುಪು ಬಿಗಿದು, ತಿರುಪಿನ ತಲೆ ಕಾಣಬಾರದೆಂದು ಮೇಲೆ ಮರದ ಗೂಟ ಬಡಿದು ಪಾಲಿಶ್ ಹೊಡೆದರು. ಇದನ್ನು ಬಿಚ್ಚುವುದಿದ್ದರೆ ನನ್ನನ್ನೇ ಕರೆಯಬೇಕು ಎಂದು ಹೇಳಿ, ಮರುದಿನ ಬೆಳಿಗ್ಗೆ ನೆಂಟರ ಮದುವೆಗೆ ಬೀದರ ಕಡೆ ಹೊರಟರು. ಅವರು ಹೊರಡುವ ಮುನ್ನ ನಾವು ಸ್ವಿಚ್ ಹಾಕಿ ನೋಡಿದ್ದರೆ ಚೆನ್ನಾಗಿತ್ತು. ಕರೆಂಟ್ ಇರಲಿಲ್ಲ. ಬಂದದ್ದು ಚಾಚಾ ಬಸ್ ಹತ್ತಿದ ಮೇಲೆ.

ಮೊದಲು ಆಡುವ ಮಾನ ನನಗೆ. ಹಿಡಿಕೆಯನ್ನು ಎಡಕ್ಕೆ ಎಳೆದೆ. ಕಾರು ಬಲಕ್ಕೆ ಓಡಿ ಲಾರಿಗೆ ಗುದ್ದಿತು. ಬಲಕ್ಕೆ ಎಳೆದೆ. ಎಡಗಡೆಯ ತಗ್ಗಿಗೆ ಬಿತ್ತು.

"ಉಲ್ಟಾ ಆಗ್ಯಾದ," ಎಂದರು ಗಂಡ.

ತಪ್ಪು ನನ್ನದೇ. ಹಿಡಿಕೆಯ ಮೇಲಿನ ತುದಿ ಎಡಕ್ಕೆ ವಾಲಿದರೆ ಕೆಳಗಿನ ತುದಿ ಬಲಕ್ಕೆ ಸರಿಯುತ್ತದೆ, ಬಲಗಡೆಯ ಪಟ್ಟಿಗೆ ತಾಗುತ್ತದೆ. ಗಿರಣಿಯಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ಹೊಳೆಯಲಿಲ್ಲ. ವೈರು ಅದಲುಬದಲು ಮಾಡಿದರೆ ಐದು ನಿಮಿಷದ ಕೆಲಸ, ಆದರೆ ಹಲಗೆ ಬಿಚ್ಚಬೇಕು, ಚಾಚಾ ಬೀದರಿನಲ್ಲಿದ್ದಾರೆ. ಆ ಪಾಲಿಶಿನ ಮೇಲೆ ಉಳಿ ಇಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಅವರು ಬರುವತನಕ ಉಲ್ಟಾ ಆಟವೇ ಗತಿ.

ಮೂರನೆಯ ದಿನ ಮಧ್ಯಾಹ್ನ ಮಾವನವರು ಅಫಜಲಪುರದಿಂದ ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಸೇವಂತಿಗೆ ಹಾರ, ಮುಖದ ತುಂಬ ಸಂತೋಷ. ಆದದ್ದು ಇಷ್ಟು. ನಾಲ್ಕು ಜನ ನಮ್ಮ ಪೆಟ್ಟಿಗೆ ಹೊತ್ತು ಬಸ್ ಸ್ಟ್ಯಾಂಡ್ ಮುಂದಿನಿಂದ ಬರುವಾಗ ಅವರ ಹಳೆಯ ಜೊತೆಗಾರ ಡ್ರೈವರೊಬ್ಬರು ಕಮಾನು, ಕಮಲ, ಗಿಳಿಗಳನ್ನು ನೋಡಿ, ಅಫಜಲಪುರಕ್ಕೆ ಹೋದಾಗ ಸುದ್ದಿ ಮುಟ್ಟಿಸಿದ್ದರು: ನಿಮ್ಮ ಮನೆಗೆ ಭಾರಿ ಕೆತ್ತನೆಯ ದೇವರ ಜಗಲಿ ಬಂದಿದೆ. ಮಗ ಸೊಸೆ ಜೂಜಿನ ಪೆಟ್ಟಿಗೆ ಬಿಟ್ಟು ಜಗಲಿ ಮಾಡಿಸಿದರಲ್ಲ ಎಂದು ಮಾವನವರು ಹಾರ ಹಿಡಿದೇ ಬಂದಿದ್ದರು.

ಪಡಸಾಲೆಗೆ ಬಂದು ನೋಡಿದರೆ ಜಗಲಿಯೊಳಗೆ ಕಾರು ಓಡುತ್ತಿದೆ. ಊಟಕ್ಕೆ ಬಂದಿದ್ದ ಮಗ ಹಿಡಿಕೆ ಹಿಡಿದು ಒದ್ದಾಡುತ್ತಿದ್ದಾರೆ. ನಾನು ಸೆರಗು ಎಳೆದುಕೊಂಡು ಗೋಡೆಗೆ ಆತು ನಿಂತೆ. ಇನ್ನು ಬೈಗುಳ ಬರುತ್ತದೆ ಎಂದು ಕಾದೆ. ಮಾವನವರು ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿದರು. ಎದುರಿಗೆ ಲಾರಿ ಬಂತು.

"ಲೇ, ಬ್ರೇಕ್! ಬ್ರೇಕ್ ಹಾಕು ಲೇ!"

ಢಮಾರ್.

"ಏನ್ ಹೊಡೀತೀಯೋ ನೀ! ಲಾರಿ ಅಷ್ಟು ದೂರ ಇದ್ದಾಗ ಕಾಣಲಿಲ್ಲೇನು? ಡ್ರೈವರ್ ಮಗ ಆಗಿ ಹಿಂಗ ಹೊಡೀತೀಯಲ್ಲ! ಸರಿ, ಸರಿ ಆ ಕಡೆ."

ಹಾರವನ್ನು ನನ್ನ ಕೈಗೆ ಕೊಟ್ಟು ಹಿಡಿಕೆ ಹಿಡಿದರು. ಉಲ್ಟಾ ಇದೆ ಎಂದು ಹೇಳಲು ನಾನು ಬಾಯಿ ತೆಗೆಯುವಷ್ಟರಲ್ಲಿ ಅವರಿಗೇ ಗೊತ್ತಾಗಿತ್ತು. ಒಂದು ಸಲ ಗುದ್ದಿದರು. ಎರಡನೆಯ ಸಲ ಮೂರು ಗಾಡಿ ದಾಟಿದರು. ಮೂರನೆಯ ಸಲ ನಾನು ಎಣಿಸುವುದನ್ನೇ ಬಿಟ್ಟೆ.

"ಅಪ್ಪ, ಉಲ್ಟಾ ಅದ, ನಿನಗ ಹೆಂಗ ಬರ್ತದ?" ಎಂದರು ನನ್ನ ಗಂಡ.

"ಇದರಾಗ ಉಲ್ಟಾ ಏನದ? ರಿವರ್ಸ್ ತಗೊಳ್ಳುವಾಗ ಬಾಲ ಎಡಕ್ಕ ಹೋಗಬೇಕಂದ್ರ ಮೂತಿ ಬಲಕ್ಕ ಹೋಗ್ತದ. ಕಿಟಕ್ಯಾಗ ಕುತ್ತಿಗಿ ಹಾಕಿ ಮೂವತ್ತು ವರ್ಷ ಅದನ್ನ ಮಾಡೇನಿ." ಕಣ್ಣು ಪರದೆಯಿಂದ ಕದಲಲಿಲ್ಲ. "ಹಾರ್ನ್ ಎಲ್ಲದ?"

"ಹಾರ್ನ್ ಇಲ್ಲಪ್ಪ."

"ಹಾರ್ನ್ ಇಲ್ಲದ ಗಾಡಿ ಯಾರು ಮಾಡಿದ್ರು?"

ಅವತ್ತು ಮೊದಲ ಸಲ ನಾನು ಮಾವನವರಿಗೆ ನೇರ ಉತ್ತರ ಕೊಟ್ಟೆ. "ನಾ ಮಾಡೇನ್ರಿ ಮಾವಾರ. ಹಾರ್ನ್ ಹಾಕಿ ಕೊಡ್ತೇನಿ."

ಅವರು ತಿರುಗಿ ನನ್ನನ್ನು ನೋಡಿದರು. ಕಾರು ಗುದ್ದಿದ್ದು ಅವರಿಗೆ ಗೊತ್ತಾಗಲಿಲ್ಲ. "ನೀ ಮಾಡೀಯೇನವ್ವಾ ಇದನ್ನ?" ಎಂದರು.

ಪೆಟ್ಟಿಗೆಯ ಬದಿಗೆ ರಬ್ಬರ್ ಚೆಂಡಿನ ಪೋಂ ಪೋಂ ಹಾರ್ನ್ ಬಂತು. ಮೂರೇ ದಿನದಲ್ಲಿ, ನಿಂತು ಗಾಡಿ ಹೊಡೆಯುವವನು ಡ್ರೈವರ್ ಅಲ್ಲ ಎಂದು ಮಾವನವರು ಗುಜರಿಯಿಂದ ಹಳೆಯ ಬಸ್ಸೊಂದರ ಡ್ರೈವರ್ ಸೀಟು ಹುಡುಕಿ ತಂದು, ನಾಲ್ಕು ಕಲ್ಲಿನ ಮೇಲೆ ಎತ್ತರಿಸಿ ಕೂಡಿಸಿದರು. ಬಸ್ ಸ್ಟ್ಯಾಂಡಿನ ಬೆಂಚು ಬಿಟ್ಟು ಬೇಗ ಮನೆಗೆ ಬರತೊಡಗಿದರು. ನಾನು ಆಡುವಾಗ ಹಿಂದೆ ನಿಂತು ಕಲಿಸುತ್ತಿದ್ದರು. "ಮುಂದಿನ ಗಾಡಿ ನೋಡಬ್ಯಾಡ ಯವ್ವಾ. ಅದರ ಮುಂದಿಂದು ನೋಡು. ಹತ್ರದ್ದು ತಾನ ತಪ್ಪಿಸ್ಕೊಳ್ತದ." ಆಟ ನಿಲ್ಲಿಸಿದ ಮೇಲೂ ಮಾತು ನಿಲ್ಲುತ್ತಿರಲಿಲ್ಲ. ಭೀಮಾ ಹೊಳೆ ತುಂಬಿದಾಗ ಗಾಣಗಾಪುರದ ಯಾತ್ರಿಕರನ್ನೆಲ್ಲ ಬಸ್ಸಿನಲ್ಲೇ ಕೂಡಿಸಿಕೊಂಡು ಒಂದು ಇಡೀ ದಿನ ನೀರಿಳಿಯಲು ಕಾದದ್ದು. ಕಡಗಂಚಿಯಲ್ಲಿ ಅಜ್ಜಿಯೊಬ್ಬಳು ಆಡಿನ ಮರಿಯನ್ನು ಕೌದಿಯಲ್ಲಿ ಸುತ್ತಿ ಮೊಮ್ಮಗು ಎಂದು ಹೇಳಿ ಬಸ್ ಹತ್ತಿದ್ದು, ಮೊಮ್ಮಗು ದಾರಿಯಲ್ಲಿ ಮ್ಯಾ ಎಂದದ್ದು. ಮೂರು ವರ್ಷ ಮೂರೇ ಮಾತು ಆಡಿದ ಮನುಷ್ಯ ಇವರೇ ಏನು ಎಂದು ನಾನು ಸೌಟು ಹಿಡಿದು ನಿಂತು ಕೇಳುತ್ತಿದ್ದೆ.

ಮದುವೆ ಮುಗಿಸಿ ಚಾಚಾ ಬಂದರು. ನಾನು ಯೋಚನೆ ಮಾಡದೆ ಮಾಡಿದ ಕೆಲಸ ಇದು. ಮಾವನವರು ಹೊರಗೆ ಹೋಗಿದ್ದಾಗ ಚಾಚಾನ ಕೈಯಿಂದ ಹಲಗೆ ಬಿಚ್ಚಿಸಿ, ನಾಲ್ಕು ವೈರು ಅದಲುಬದಲು ಮಾಡಿದೆ. ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ನನಗೆ ಹೆಮ್ಮೆಯೋ ಹೆಮ್ಮೆ. ಬಿಸಿ ಬಿಸಿ ಜೋಳದ ರೊಟ್ಟಿ ಮಾಡುತ್ತ ಮಾವನವರನ್ನು ಕಾದೆ.

ಅವರು ಬಂದು, ಕಾಲು ತೊಳೆದು, ಸೀಟಿನಲ್ಲಿ ಕೂತರು. ಢಮಾರ್. ಮತ್ತೆ ಶುರು ಮಾಡಿದರು. ಢಮಾರ್. ಐದಾರು ಸಲ ಹಾಗೇ ಆಯಿತು. ಪೋಂ ಎಂದು ಒಮ್ಮೆಯೂ ಹಾರ್ನ್ ಕೇಳಲಿಲ್ಲ. ನಾನು ಹೇಳಲು ಹೊರಗೆ ಬರುವಷ್ಟರಲ್ಲಿ ಅವರು ಎದ್ದು ಹೋಗಿ ಕಟ್ಟೆಯ ಮೇಲೆ ಕೂತಿದ್ದರು. ಓಣಿಯ ಹಿರಿಯರು ಇಬ್ಬರು ಅವರ ಪಕ್ಕದಲ್ಲಿದ್ದರು. ಅವರ ಮುಂದೆ ಹೇಳುವುದು ಹೇಗೆ ಎಂದು ಒಳಗೆ ಬಂದೆ. ಅವತ್ತು ಅವರು ಆಡಿದ್ದು ಮತ್ತೆ ಎರಡೇ ಮಾತು: "ಊಟ", "ಸಾಕು".

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೂ ಹೋಗಲಿಲ್ಲ. ನೀರು ತುಂಬಲು ಹೊರಗೆ ಬಂದಾಗ ನೋಡಿದೆ. ಅಂಗಳದಲ್ಲಿ ನಿಂತು ಒಂದು ಕಣ್ಣು ಅಂಗೈಯಿಂದ ಮುಚ್ಚಿಕೊಂಡು ಎದುರಿನ ಬೇವಿನ ಮರದ ಎಲೆ ನೋಡುತ್ತಿದ್ದರು. ಆಮೇಲೆ ಇನ್ನೊಂದು ಕಣ್ಣು. ಆಮೇಲೆ ಎರಡೂ ಕೈ ಮುಂದೆ ಚಾಚಿ, ಬೆರಳು ನಡುಗುತ್ತವೆಯೇ ಎಂದು ನೋಡಿಕೊಂಡರು. ಕೊಡ ಅಲ್ಲೇ ಇಟ್ಟೆ.

"ಮಾವಾರ, ನಿಮ್ಮ ಕಣ್ಣಿಗೆ ಏನೂ ಆಗಿಲ್ರಿ. ಕೈಗೂ ಆಗಿಲ್ಲ. ತಪ್ಪು ನಂದು." ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮೊದಲು ಮಾಡಿದ್ದು ತಪ್ಪಾಗಿತ್ತು, ನಿನ್ನೆ ಸರಿ ಮಾಡಿದೆ, ಹೇಳುವುದಕ್ಕೆ ಆಗಲಿಲ್ಲ.

ಅವರು ಕೈ ಇಳಿಸಿ ನನ್ನ ಕಡೆ ತಿರುಗಿದರು. "ಅಂದ್ರ ಎಂಟು ದಿನ ನಾ ತಪ್ಪು ಗಾಡಿ ಹೊಡದೇನಿ?"

"ತಪ್ಪು ಗಾಡಿನ ಸರಿ ಹೊಡದವ್ರು ನೀವೊಬ್ಬರೇ ಅದೀರಿ."

ಮೊದಲು ಅವರ ಹೊಟ್ಟೆ ಅಲುಗಿತು. ಆಮೇಲೆ ಭುಜ. ಅವರು ನಕ್ಕ ನಗೆಗೆ ಒಳಗಿಂದ ನನ್ನ ಗಂಡ ಹಲ್ಲುಪುಡಿ ಮೆತ್ತಿದ ಬಾಯಲ್ಲೇ ಓಡಿ ಬಂದರು. ನಗು ನಿಂತ ಮೇಲೆ ಮಾವನವರು ಕಣ್ಣು ಒರೆಸಿಕೊಂಡು, "ರಾತ್ರಿಯೆಲ್ಲ ನಿದ್ದಿ ಇಲ್ಲ ನೋಡವ್ವಾ. ಕಣ್ಣಿನ ಡಾಕ್ಟರ ಕಡೆ ಹೋಗೋಣಂತ ಮಾಡಿದ್ದೆ," ಎಂದರು.

ಮತ್ತೆ ಉಲ್ಟಾ ಮಾಡಿಕೊಡುತ್ತೇನೆ ಎಂದೆ. ಬೇಡ ಎಂದರು. ಅಷ್ಟು ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನ ಕೆಲಸ ಮುಗಿಸಿ ಆಡಲು ಬರತೊಡಗಿದ್ದರು. "ಅವ್ರು ರಿವರ್ಸ್ ಹೊಡದವ್ರಲ್ಲ. ಅವ್ರೇನು ಮಾಡಬೇಕು?"

ದಾರಿ ತೋರಿಸಿದ್ದು ನನ್ನ ಗಂಡ. ಅಂಗಡಿಯ ಹಳೆಯ ರೇಡಿಯೊ ಒಂದರಿಂದ ಮೀಡಿಯಂ ವೇವ್, ಶಾರ್ಟ್ ವೇವ್ ಬದಲಿಸುವ ಸ್ವಿಚ್ಚು ಬಿಚ್ಚಿ ತಂದರು. ಅದರಲ್ಲಿ ಕಾಲುಗಳು ಸಾಲುಸಾಲಾಗಿರುತ್ತವೆ, ಒಂದೇ ತಿರುವಿಗೆ ಎಲ್ಲ ವೈರೂ ಅದಲುಬದಲಾಗುತ್ತವೆ. ಒಂದು ದಿನ ಪೂರ್ತಿ ಕೂತು ನಾನು ಅದನ್ನು ಬೆಸೆದೆ. ಪೆಟ್ಟಿಗೆಯ ಬದಿಗೆ ತಿರುಗಿಸುವ ಗುಬುಟು ಬಂತು. ಮೀಡಿಯಂ ವೇವಿಗೆ ತಿರುಗಿಸಿದರೆ ಊರವರ ಆಟ. ಶಾರ್ಟ್ ವೇವಿಗೆ ತಿರುಗಿಸಿದರೆ ಮಾವನವರ ಆಟ. ಆಮೇಲೆ ನಮ್ಮ ಓಣಿಯಲ್ಲಿ ಯಾರಾದರೂ ಹೇಳಿದ್ದಕ್ಕೆ ಉಲ್ಟಾ ಮಾಡಿದರೆ, ಇವತ್ತು ಶಾರ್ಟ್ ವೇವಿನಲ್ಲಿದ್ದಾನೆ ಎನ್ನುವ ರೂಢಿ ಬಂತು.

ಮಧ್ಯಾಹ್ನದ ಎರಡು ತಾಸು ಹೆಣ್ಣುಮಕ್ಕಳದು. ಅವರಿಗೆ ರಸ್ತೆಯ ಆಟಕ್ಕಿಂತ ಹೊಂಡದಲ್ಲಿ ಕಪ್ಪೆ ಹಾರಿಸುವ ಆಟ ಮೇಲು. ಅದರಲ್ಲಿ ಚಾಚಾನ ಹೆಂಡತಿಯನ್ನು ಮೀರಿಸಿದವರಿಲ್ಲ. ಬುರಖಾ ತೆಗೆದು ಗೂಟಕ್ಕೆ ಹಾಕಿ, ಬಳೆ ಮೊಣಕೈಗೆ ಏರಿಸಿ, "ಚಲೋ ಚಲೋ, ಕೂದ್ ಬೇ!" ಎಂದು, ಹಾರಲೇ ಎನ್ನುವ ಹಾಗೆ, ಕಪ್ಪೆಗೇ 'ಬೇ' ಹಚ್ಚಿ ಬೈಯುತ್ತಿದ್ದರು. ವೋಲ್ಟೇಜ್ ಇಳಿದಾಗ ಪರದೆಯ ಚಿತ್ರ ಎಲ್ಲ ಕಡೆಯಿಂದ ಮುದುಡಿ ಅಂಗೈಯಷ್ಟಾಗುತ್ತಿತ್ತು. ಆಗ ಎಲ್ಲರೂ ಮೂಗು ಗಾಜಿಗೆ ತಾಗಿಸಿ ಆಡುವುದು.

ಒಂದು ವರ್ಷದಲ್ಲಿ ಅಫಜಲಪುರದಿಂದ ದೂರು ಬಂತು. ನನ್ನ ಗಂಡನ ಅಕ್ಕ ಹಬ್ಬಕ್ಕೆ ಬಂದವಳು, "ಅಪ್ಪ ನಮ್ಮ ಕಡೆ ಬರೋದ ಬಿಟ್ಟಾನ. ಬಂದ್ರೂ ಎರಡನೇ ದಿನಕ್ಕ ಚೀಲ ಹಿಡೀತಾನ. ನಮ್ಮ ಮನಿಗೂ ಒಂದು ಪೆಟ್ಟಗಿ ಮಾಡಿಕೊಡ್ರಿ, ಇಲ್ಲಂದ್ರ ಇದನ್ನ ಒಯ್ತೇನಿ," ಎಂದಳು. ಗಂಡ ಸೊಲ್ಲಾಪುರದಿಂದ ಇನ್ನೊಂದು ಆಟದ ಡಬ್ಬಿ ತಂದರು, ಹಾಗೆ ಎರಡನೆಯದು ತಯಾರಾಯಿತು. ಈ ಸಲ ಚಾಚಾ ಅವಳ ಮನೆಯ ಬಾಗಿಲಿನ ಅಳತೆ ಮೊದಲೇ ತರಿಸಿಕೊಂಡರು. ಎರಡೂ ಗಿಳಿಗೆ ಕೊಕ್ಕು ಉಳಿಯಿತು. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಗ್ಗ ಬಿಗಿದು ಮಲಗಿಸಿದೆವು. ಮಾವನವರು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಜೊತೆಗೆ ಹೋದರು.

ಐದನೆಯ ದಿನ ಬಸ್ಸಿನ ಡ್ರೈವರೊಬ್ಬರು ನಮ್ಮ ಅಂಗಡಿಯ ಮುಂದೆ ಗಾಡಿ ನಿಧಾನ ಮಾಡಿ ಕಿಟಕಿಯಿಂದ ಕೂಗಿದರು. "ಹಿರ್ಯಾರು ಹೇಳಿ ಕಳಿಸ್ಯಾರ್ರಿ! ಶಾರ್ಟ್ ವೇವ್ ಬಂದ್ ಬಿದ್ದದಂತ! ಮೆಕ್ಯಾನಿಕ್ಕನ್ನ ಕಳಿಸ್ಬೇಕಂತ!"

ಗಂಡನಿಗೆ ಅವತ್ತು ಅಂಗಡಿ ಬಿಡುವಂತಿರಲಿಲ್ಲ. ನಾನು ಬೆಸುಗೆಯ ಸಾಮಾನು ಟಿಫಿನ್ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಗಿನ ಬಸ್ ಹತ್ತಿದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಡ್ರೈವರ್ ನನ್ನ ಚೀಲದಿಂದ ಹೊರಗೆ ಇಣುಕುತ್ತಿದ್ದ ವೈರು ನೋಡಿ, "ಹಿರ್ಯಾರು ಹೇಳಿದ ಮೆಕ್ಯಾನಿಕ್ ನೀವೇನ್ರೀ?" ಎಂದು ಕೇಳಿದರು.

"ಹೌದ್ರಿ," ಎಂದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ನಾನು ನೆಟ್ಟಗೆ ಕೂತೆ.

ಅಫಜಲಪುರದಲ್ಲಿ ಮಾವನವರು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಮನೆಯಲ್ಲಿ ಓಣಿಯ ಜನ ಸೇರಿದ್ದರು. ಬಸ್ಸಿನ ಕುಲುಕಾಟಕ್ಕೆ ಒಂದು ವೈರು ಸಡಿಲಾಗಿ ಬಿಟ್ಟುಕೊಂಡಿತ್ತು, ಅಷ್ಟೇ. "ಎಲ್ಲಾರೂ ಹಿಂದ ಸರೀರಿ, ಗಾಳಿ ಬಿಡ್ರಿ, ಆಕಿ ಕೆಲಸ ಮಾಡ್ಲಿ," ಎಂದು ಮಾವನವರು ಕೈ ಅಡ್ಡ ಹಿಡಿದು ಜನರನ್ನು ದೂರ ತಳ್ಳಿದರು. ತಾವೇ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬೆಸುಗೆಯ ಹೊಗೆ ಅವರ ಮುಖಕ್ಕೆ ಹೋಗುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡರೇ ಹೊರತು ಅಲ್ಲಾಡಲಿಲ್ಲ.

ನಾಲ್ಕು ದಿನ ಅಲ್ಲೇ ಉಳಿಸಿಕೊಂಡರು. ಶೇಂಗಾ ಹೋಳಿಗೆ ತಿನ್ನಿಸಿದರು. ನಾನು ಆಳಂದದ ಬಸ್ ಹತ್ತಿ ಕೂತಾಗ ಮಾವನವರು ಡ್ರೈವರನ ಕಿಟಕಿಯ ಹತ್ತಿರ ಹೋಗಿ, ದಾರಿಯ ತಗ್ಗುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರು. ಆ ಹುಡುಗ ಡ್ರೈವರ್ ಹೌದ್ರಿ, ಹೌದ್ರಿ ಎನ್ನುತ್ತಿದ್ದ.

"ಹಳ್ಳದ ಹತ್ರ ಸೆಕೆಂಡ್ ಗೇರಿಗೆ ಬಾ. ಜಿಗಿಸಬ್ಯಾಡ. ಒಳಗ ನಮ್ಮ ಸೊಸಿ ಅದಾಳ."